ಬಸ್ಸಿನಲ್ಲಿ ಬಂದ ರಕ್ತ

ನಮ್ಮ ಮೇಡಂ ನಡೆದದ್ದನ್ನು ನಾನು ನೋಡಿದ್ದು ಕಡಿಮೆ. ಅವರು ಓಡುತ್ತಿದ್ದರು. ಬೀದರದ ನಮ್ಮ ಪಶುವೈದ್ಯಕೀಯ ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದು ಕೈಯಲ್ಲಿ ಗಾಜಿನ ಸ್ಲೈಡು ಹಿಡಿದು, ಚಪ್ಪಲಿ ಪಟಪಟ ಅನ್ನಿಸುತ್ತ ಬರುತ್ತಿದ್ದರು. ನಿವೃತ್ತಿಗೆ ಬಂದ ಹೆಣ್ಣುಮಗಳು ಹೀಗೆ ಓಡಿದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದೇ ಹೊಸಬರು ತಿಳಿಯುತ್ತಿದ್ದರು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಯಾವುದೋ ನಾಯಿಯ ರಕ್ತದಲ್ಲಿ ಅವರಿಗೆ ಏನೋ ಕಂಡಿರುತ್ತಿತ್ತು. ಅದನ್ನು ಆ ಕ್ಷಣವೇ ಯಾರಿಗಾದರೂ ತೋರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಎದುರು ಸಿಕ್ಕವರು ಪ್ರಾಧ್ಯಾಪಕರೋ, ಮಗಳ ಪ್ರವೇಶಕ್ಕೆ ಕಮಲನಗರದಿಂದ ಬಂದ ರೈತರೋ, ಎಲ್ಲ ಒಂದೇ. "ಬರ್ರಿ ಬರ್ರಿ, ಜರಾ ಇದರಾಗ ಕಣ್ಣಿಡ್ರಿ" ಎಂದು ತೋಳು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿಬಿಡುತ್ತಿದ್ದರು.

ಇತ್ತೀಚೆಗೆ ಅವರು ನಿವೃತ್ತರಾದರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿರುವವನು ನಾನು. ಬೀಳ್ಕೊಡುಗೆಯ ಸಭೆಯಲ್ಲಿ ನಾಲ್ಕು ಮಾತಾಡು ಎಂದು ನನ್ನನ್ನು ಎಬ್ಬಿಸಿದಾಗ, ಮುಂದಿನ ಸಾಲಿನಿಂದ ಅವರೇ "ಅವನ ಕೈಯಾಗ ಮೈಕ್ ಕೊಡಬ್ಯಾಡ್ರಿ, ಊಟ ಆರ್ತದ" ಎಂದು ಕೂಗಿದರು. ಇಡೀ ಸಭೆ ನಕ್ಕಿತು, ನಾನು ಕೂತೆ. ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ ನಾನು, ಆ ಸಿಟ್ಟು ಇನ್ನೂ ಇಳಿದಿಲ್ಲ. ಅಂದು ಆಡದೆ ಉಳಿದದ್ದನ್ನು ಇಲ್ಲಿ ಬರೆದು ತೀರಿಸಿಕೊಳ್ಳುತ್ತಿದ್ದೇನೆ. ಹೆಸರು ಹಾಕಿದರೆ ಚರ್ಮ ಸುಲಿಯುತ್ತೇನೆ ಎಂದಿದ್ದಾರೆ. ಪ್ರಾಣಿಗಳ ಚರ್ಮ ಸುಲಿಯುವುದು ಬಲ್ಲವರು ಅವರು, ಹಾಗಾಗಿ ಹೆಸರಿಲ್ಲ.

ಬೀದರದ ಹಳೆಯ ಮೆಥೊಡಿಸ್ಟ್ ಕ್ರೈಸ್ತ ಮನೆತನ ಅವರದು. ತಂದೆ ಶಾಲಾ ಮಾಸ್ತರರು, ತಾಯಿ ದಾದಿ, ತಂಗಿಯೂ ಭಾಲ್ಕಿಯಲ್ಲಿ ನರ್ಸ್. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಕೇಳಿದ ಒಬ್ಬರಿಗೆ "ಪುರಸತ್ತೇ ಸಿಗಲಿಲ್ರಿ" ಎಂದು ಹೇಳಿ ಮತ್ತೆ ಸ್ಲೈಡಿಗೆ ಕಣ್ಣು ಹಚ್ಚಿದ್ದನ್ನು ಕಂಡಿದ್ದೇನೆ.

ಯಾವ ನಾಯಿ ಕಂಡರೂ ಮೊದಲು ಅದರ ತುಟಿ ಎತ್ತಿ ವಸಡಿನ ಬಣ್ಣ ನೋಡುವುದು ಅವರ ಚಟ. ಒಂದು ಭಾನುವಾರ ಚರ್ಚಿನಲ್ಲಿ ಪ್ರಸಂಗ, ಅಂದರೆ ಪಾಸ್ಟರರ ಉಪದೇಶ, ನಡೆದಿರುವಾಗ ಬೀದಿನಾಯಿಯೊಂದು ಒಳಗೆ ಬಂದು ಇವರ ಬೆಂಚಿನ ಪಕ್ಕ ಮಲಗಿತಂತೆ. ಮೇಡಂ ಬಗ್ಗಿ ತುಟಿ ಎತ್ತಿದರು. "ಅಯ್ಯೋ ದೇವರೇ, ಪೂರಾ ಬಿಳಿಚ್ಯಾದ!" ಎಂದು ಅವರು ಕೂಗಿದ್ದು ಕೊನೆಯ ಬೆಂಚಿನವರೆಗೂ ಕೇಳಿಸಿತು. ಪಾಸ್ಟರು ಒಂದು ಗಳಿಗೆ ನಿಂತು, "ದೇವರ ಹೆಸರಂತೂ ಬಂತು, ಇರಲಿ" ಎಂದು ಪ್ರಸಂಗ ಮುಂದುವರಿಸಿದರು. ಅಷ್ಟರಲ್ಲಿ ಇವರು ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿಯಾಗಿತ್ತು. ರಜೆಯ ದಿನ ನನ್ನನ್ನೂ ಕಾಲೇಜಿಗೆ ಓಡಿಸಿದರು. ಆ ನಾಯಿ ಬದುಕಿತು, ಅವರ ಮನೆಯಲ್ಲೇ ಠಿಕಾಣಿ ಹೂಡಿತು. ಅದಕ್ಕೆ ಮೋತಿ ಎಂದು ಹೆಸರಿಟ್ಟರು.

ವಸಡು ಯಾಕೆ ಬಿಳಿಚುತ್ತದೆ ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ನಾಯಿಯ ಮೈಗೆ ಉಣ್ಣಿ ಹತ್ತುತ್ತದಲ್ಲ, ಅದರ ಬಾಯಿಂದ ಬಬೇಸಿಯಾ ಎಂಬ ಪರೋಪಜೀವಿ ರಕ್ತಕ್ಕೆ ಇಳಿಯುತ್ತದೆ. ಬರಿಗಣ್ಣಿಗೆ ಕಾಣದ್ದು, ನಮ್ಮ ಬಾಯಲ್ಲಿ ಅದು ಬರೀ ಹುಳ. ಕೆಂಪು ಕಣದೊಳಗೆ ಹೊಕ್ಕು, ಅಲ್ಲೇ ಹೆಚ್ಚಿ, ಕಣವನ್ನು ಒಡೆದು ಹೊರಬೀಳುತ್ತದೆ. ನಾಯಿಗೆ ಜ್ವರ ಬರುತ್ತದೆ, ಅನ್ನ ಬಿಡುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೀದರದ ಮನೆಗಳಲ್ಲಿ ಮುದ್ದಿನಿಂದ ಸಾಕಿದ ನಾಯಿಗಳು ಇದರಿಂದ ಕಣ್ಣೆದುರೇ ಸಾಯುವುದನ್ನು ನಾವು ನೋಡುತ್ತಲೇ ಇದ್ದೆವು. ಆದರೆ ಔರಾದ ತಾಲೂಕಿನ ಠಾಣಾ ಕುಶನೂರದ ಕಡೆ ಕುರಿ ಕಾಯುವ ನಾಯಿಗಳನ್ನು ಪರೀಕ್ಷಿಸಿದಾಗ ಬಹಳಷ್ಟರ ರಕ್ತದಲ್ಲಿ ಅದೇ ಪರೋಪಜೀವಿ ಇತ್ತು. ನಾಯಿಗಳು ಮಾತ್ರ ತೊಗರಿ ಹೊಲದ ಬದುವಿನ ಮೇಲೆ ಗಾಳಿಯಂತೆ ಓಡುತ್ತಿದ್ದವು.

ಮೇಡಂ ತಲೆಗೆ ಹುಳ ಹೊಕ್ಕದ್ದು ಅಲ್ಲಿ. "ಏ ತಮ್ಮಾ, ಇದೂ ನಾಯೇ, ಅದೂ ನಾಯೇ. ಹುಳಾನೂ ಅದೇ. ಒಂದು ಸಾಯ್ತದ, ಒಂದು ಕುರಿ ಕಾಯ್ತದ. ಯಾಕ? ನೀ ಹೇಳು, ಯಾಕ?" ಎಂದು ಮೇಜು ಗುದ್ದಿದರು. ನನಗೆ ಗೊತ್ತಿದ್ದರೆ ನಾನೇಕೆ ಅವರ ಕೈಕೆಳಗೆ ಇರುತ್ತಿದ್ದೆ?

ಅವರಿಗಿದ್ದ ಅನುಮಾನ ಮೈಕ್ರೋಆರ್‌ಎನ್‌ಎ ಮೇಲೆ. ತರಗತಿಯಲ್ಲಿ ಅದನ್ನು ಅವರು ವಿವರಿಸುತ್ತಿದ್ದ ರೀತಿಯನ್ನು ಯಾವ ವಿದ್ಯಾರ್ಥಿಯೂ ಮರೆತಿರಲಾರ. "ಮದುವಿ ಮನ್ಯಾಗ ಪಂಕ್ತಿ ಕೂತದ. ಬಡಸ್ರಿ, ಬಡಸ್ರಿ ಅಂತ ಒಳಗಿಂದ ಹುಕುಂ ಮ್ಯಾಲ ಹುಕುಂ ಬರ್ಲತ್ತದ. ಬಡಸೋರು ಬಡಸೇ ಬಡಸ್ತಾರ. ಎಲಿ ತುಂಬಿ ಚೆಲ್ಲಲತ್ತದ. ಆಗ ಮೂಲ್ಯಾಗ ಕೂತ ಒಬ್ಬ ಮುದುಕಿ ಕೈ ಅಡ್ಡ ಹಿಡಿದು 'ಸಾಕು ನಡೀರಿ' ಅಂತಾಳ. ಆ ಮುದುಕಿ ಸಣ್ಣಾಕಿ, ಯಾರ ಲೆಕ್ಕಕ್ಕೂ ಇಲ್ಲದಾಕಿ. ಆದ್ರ ಆಕಿ ಇಲ್ಲದಿದ್ರ ಅಡಗಿ ಮನೀನೇ ಬರಿದಾಗ್ತದ." ಜೀವಕೋಶದಲ್ಲಿ ಯಾವ ಪ್ರೋಟೀನು ತಯಾರಾಗಬೇಕು ಎಂಬ ಆದೇಶವನ್ನು ಉದ್ದನೆಯ ಒಂದು ಆರ್‌ಎನ್‌ಎ ಹೊತ್ತು ತರುತ್ತದೆ. ಚೋಟುದ್ದದ ಮೈಕ್ರೋಆರ್‌ಎನ್‌ಎ ಅದಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಸುತ್ತದೆ. ಪರೋಪಜೀವಿ ಹೊಕ್ಕಾಗ ನಾಯಿಯ ರೋಗನಿರೋಧಕ ವ್ಯವಸ್ಥೆ ಯುದ್ಧಕ್ಕೆ ಇಳಿಯುತ್ತದೆ. ಯುದ್ಧ ಅತಿಯಾದರೆ ನಾಯಿ ಹುಳದಿಂದಲ್ಲ, ತನ್ನದೇ ಸಿಟ್ಟಿನಿಂದ ಸಾಯುತ್ತದೆ. ಕುಶನೂರದ ನಾಯಿಗಳಲ್ಲಿ ಸಾಕು ಎನ್ನುವ ಯಾವುದೋ ಒಂದು ಮೈಕ್ರೋಆರ್‌ಎನ್‌ಎ ಗಟ್ಟಿಯಾಗಿ ಕೂತಿರಬೇಕು ಎಂಬುದು ಮೇಡಂ ಊಹೆ. ನಿವೃತ್ತಿಯೊಳಗೆ ಅದನ್ನು ಕಂಡುಹಿಡಿಯಬೇಕು ಎಂಬುದು ಅವರ ಹಟ. ವರ್ಷಾನುಗಟ್ಟಲೆ ಪಾಠ ಹೇಳಿದವರು, ತಮ್ಮದು ಎನ್ನುವ ಒಂದು ಶೋಧ ಇಲ್ಲದೆ ಆ ಕಟ್ಟಡದಿಂದ ಹೊರಬೀಳಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ.

ಹೀಗೆ ನಮ್ಮ ಬಸ್ಸಿನ ಓಡಾಟ ಶುರುವಾಯಿತು. ಕೇಳಿದರೆ ಕಾಲೇಜಿನ ಜೀಪು ಸಿಗುತ್ತಿತ್ತು. ಅವರು ಕೇಳುತ್ತಿರಲಿಲ್ಲ. "ಜೀಪಿನಾಗ ಡ್ರೈವರ್ ಒಬ್ಬನೇ ಮಾತಾಡ್ತಾನ. ಬಸ್ಸಿನಾಗ ಇಡೀ ತಾಲೂಕ ಮಾತಾಡ್ತದ" ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಔರಾದ ಬಸ್ಸು ಬೀದರ ದಾಟುವುದರೊಳಗೆ ಯಾರ ಓಣಿಯ ನಾಯಿ ಅನ್ನ ಬಿಟ್ಟಿದೆ, ಯಾರ ಹಟ್ಟಿಯಲ್ಲಿ ಉಣ್ಣಿ ಹೆಚ್ಚಾಗಿದೆ ಎಂಬುದೆಲ್ಲ ಇವರ ಕಿವಿಗೆ ಬಿದ್ದಿರುತ್ತಿತ್ತು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಗೆ ಹೊರಳಿ ದಖನಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಮರಳುವಾಗ ರಕ್ತದ ನಳಿಕೆಗಳಿದ್ದ ಮಂಜುಗಡ್ಡೆಯ ಡಬ್ಬಿ ಅವರ ಮಡಿಲಲ್ಲಿ. ಕೆಳಗಿಟ್ಟರೆ ಕುಲುಕುತ್ತದೆ ಎಂದು ಕೂಸಿನಂತೆ ಅವುಚಿಕೊಂಡು ಕೂರುತ್ತಿದ್ದರು. ನನ್ನ ಕೈಗೂ ಕೊಡುತ್ತಿರಲಿಲ್ಲ. ಕಾಲೇಜಿಗೆ ತಂದು ಯಂತ್ರದಲ್ಲಿ ತಿರುಗಿಸಿದರೆ ಕಣಗಳು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲಿ ನಾವು ಮೈಕ್ರೋಆರ್‌ಎನ್‌ಎ ಹುಡುಕುತ್ತಿದ್ದೆವು. ಹೋಲಿಸಿ ನೋಡಲು ಹುಳವಿಲ್ಲದ ನಾಯಿಗಳೂ ಬೇಕಲ್ಲ, ಅವು ಬೀದರದಲ್ಲೇ, ಕಾಲೇಜಿನ ಬಾಗಿಲಲ್ಲೇ ಸಿಗುತ್ತಿದ್ದವು.

ಒಂದು ದಿನ ಅದು ಸಿಕ್ಕಿತು! ಪರದೆಯ ಮೇಲೆ ಒಂದೊಂದು ನಾಯಿಯ ಅಳತೆಗೂ ಒಂದೊಂದು ಗೆರೆ, ಅದರಲ್ಲಿ ಕುಶನೂರದ ನಾಯಿಗಳ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಂತವು, ಬೀದರದವು ಎಲ್ಲೋ ಹಿಂದೆ ಬಿದ್ದವು. ಒಂದೇ ಒಂದು ಮೈಕ್ರೋಆರ್‌ಎನ್‌ಎ, ಅಷ್ಟು ದೊಡ್ಡ ವ್ಯತ್ಯಾಸ. ಮೇಡಂ ನನ್ನ ಹೆಗಲು ಹಿಡಿದು ಅಲುಗಾಡಿಸಿದ ರಭಸಕ್ಕೆ ನನ್ನ ಕನ್ನಡಕ ಕೆಳಗೆ ಬಿತ್ತು. "ನೋಡು, ನೋಡು, ಸಾವ್ಕಾರ ಹ್ಯಾಂಗ ಬಂದು ನಿಂತಾನ!" ಆವತ್ತಿನಿಂದ ಅದರ ಹೆಸರು ಸಾವ್ಕಾರ. ಮೇಡಂ ಓಡಿದರು, ಪ್ರತಿ ಕೋಣೆಯ ಬಾಗಿಲು ತೆರೆದು ಸಾರಿದರು, ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಹೊರಗಿನ ಊರುಗಳ ವಿದ್ವಾಂಸರು ನಮ್ಮ ಕಾಲೇಜಿಗೆ ಬರುವ ಸಭೆಯೊಂದು ಹತ್ತಿರದಲ್ಲೇ ಇತ್ತು. ಅದರಲ್ಲಿ ಮೇಡಂ ಮಾತಾಡುವುದೆಂದು ನಿಶ್ಚಯವಾಯಿತು. ನನ್ನ ಪ್ರಬಂಧದ ಜುಟ್ಟೂ ಅದೇ ಸಾವ್ಕಾರನ ಕೈಯಲ್ಲಿತ್ತು. ನಾನೂ ಉಬ್ಬಿಹೋಗಿದ್ದೆ.

ಸಭೆಗೆ ಚಿತ್ರಗಳನ್ನು ಜೋಡಿಸುತ್ತ ಕೂತಿದ್ದಾಗ ಮೇಡಂ ಒಂದು ಗೆರೆಯ ಮೇಲೆ ಬೆರಳಿಟ್ಟರು.

"ಇದು ಯಾವ ನಾಯಿ?"

"ಕುಶನೂರದ್ದೇರಿ ಮೇಡಂ."

"ಇದರಾಗ ಹುಳ ಅದ ಏನು?"

ನೋಡಿದೆ. ಇರಲಿಲ್ಲ. ಕುರಿಗಾರರ ನಾಯಿಗಳ ನಡುವೆ ಪರೀಕ್ಷೆಯಲ್ಲಿ ಹುಳವಿಲ್ಲ ಎಂದು ಬಂದ ಒಂದು ನಾಯಿ ಅದು.

"ಹುಳ ಇಲ್ಲ. ಮತ್ತ ಸಾವ್ಕಾರ ಇಲ್ಲಿಗಿ ಯಾಕ ಬಂದಾನ?"

ಮೇಡಂ ಎದ್ದು ಫ್ರೀಜರಿನಿಂದ ಉಳಿದ ತಿಳಿಯ ನಳಿಕೆಗಳನ್ನು ತೆಗೆದು, ಕರಗಿಸಿ, ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದರು. ಬೀದರದವು ಹುಲ್ಲಿನ ಬಣ್ಣ. ಕುಶನೂರದವು ಕಂಡೂ ಕಾಣದಷ್ಟು ಗುಲಾಬಿ. ಆ ಗುಲಾಬಿ ನಮಗೆ ಹೊಸದಲ್ಲ. ಹುಳ ಕೆಂಪು ಕಣ ಒಡೆಯುತ್ತದೆ, ಒಡೆದ ಕಣದ ಬಣ್ಣ ತಿಳಿಗೆ ಇಳಿದಿದೆ, ರೋಗದ ಲಕ್ಷಣವೇ ಅದು ಎಂದು ನಂಬಿದ್ದೆವು. ಈಗ ಹುಳವಿಲ್ಲದ ನಾಯಿಯ ತಿಳಿಯೂ ಗುಲಾಬಿಯಾಗಿತ್ತು. ಕೆಂಪು ಕಣದ ಹೊಟ್ಟೆಯೊಳಗೂ ಮೈಕ್ರೋಆರ್‌ಎನ್‌ಎಗಳು ತುಂಬಿರುತ್ತವೆ, ಕಣ ಒಡೆದರೆ ಅವೂ ತಿಳಿಗೆ ಚೆಲ್ಲುತ್ತವೆ.

ಮೇಡಂ ಮೆಲ್ಲಗೆ ಅಂದರು: "ತಮ್ಮಾ, ಇವು ನಾಯಿ ಮೈಯಾಗ ಒಡದಾವೋ, ನನ್ನ ಮಡಿಲಾಗ ಒಡದಾವೋ?"

ಮರುದಿನ ಮೋತಿಯ ಸರದಿ. ಅದರ ರಕ್ತ ತೆಗೆದು ಎರಡು ನಳಿಕೆ ಮಾಡಿದರು. ಒಂದನ್ನು ಅಲ್ಲೇ ತಿರುಗಿಸಿ ತಿಳಿ ತೆಗೆದು ಫ್ರೀಜರಿಗಿಟ್ಟೆವು. ಇನ್ನೊಂದನ್ನು ಡಬ್ಬಿಯಲ್ಲಿಟ್ಟುಕೊಂಡು ಮೇಡಂ ಔರಾದ ಬಸ್ಸು ಹತ್ತಿದರು. ಅಲ್ಲಿ ಇಳಿದು ಒಂದು ಚಹಾ ಕುಡಿದು ಅದೇ ಬಸ್ಸಿನಲ್ಲಿ ಬೀದರಕ್ಕೆ ಮರಳಿದರು. ಒಂದೇ ನಾಯಿ, ಒಂದೇ ರಕ್ತ. ಬಸ್ಸು ಹತ್ತದ ತಿಳಿಯಲ್ಲಿ ಸಾವ್ಕಾರ ತೆಪ್ಪಗೆ ಮಲಗಿದ್ದ. ಬಸ್ಸು ಹತ್ತಿಬಂದ ತಿಳಿಯಲ್ಲಿ ಎದೆ ಸೆಟೆಸಿ ನಿಂತಿದ್ದ.

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಮೇಡಂ ಡಬ್ಬಿಯ ಮೇಲೆ ಕೈಯಿಟ್ಟು ಕೂತಿದ್ದರು. "ನನಗ ಅಳು ಬರ್ಲತ್ತದ, ನೋಡು" ಎಂದರು, ನಿಜಕ್ಕೂ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ಅವರ ಮುಖ ಬದಲಾದ ಬಗೆಯನ್ನು ಹೇಗೆ ಬರೆಯಲಿ? "ಆದ್ರ ಎಷ್ಟು ಸ್ವಚ್ಛ ಬಂದದ ನೋಡೋ! ಒಂದೇ ಬಸ್ಸು, ಇಷ್ಟು ಫರಕ! ಇದನ್ನ ಎಲ್ಲರಿಗಿ ಹೇಳಬೇಕು!" ಎಂದು ಎದ್ದರು. ಸ್ವಂತ ಮನೆ ಬಿದ್ದದ್ದನ್ನು ಇಷ್ಟು ಹುರುಪಿನಿಂದ ಸಾರಲು ಹೊರಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಮೇಡಂಗಿಂತ ಕಿರಿಯರು. ಅವರು ಬಾಗಿಲು ಮುಚ್ಚಿ ಕೂತು ಕೈಮುಗಿಯುವುದೊಂದು ಬಾಕಿ. "ಅಕ್ಕಾ, ನಿವೃತ್ತಿ ಎದುರಿಗಿ ಬಂದು ನಿಂತದ. ಸಭೆಯಿಂದ ಹೆಸರು ತೆಗಸ್ರಿ, ಸಾಕು. ಆರಾಮ ಇಲ್ಲ ಅನ್ರಿ. ಎಲ್ಲರ ಎದುರಿಗಿ ನಗಿಗೀಡು ಆಗೋದು ಯಾಕ?"

"ಆರಾಮ ಇದ್ದೀನಲ್ಲಪಾ" ಎಂದರು ಮೇಡಂ.

ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಗೋಡೆಗೊರಗಿ ನಿಂತು ಕೇಳಿದೆ. ಮೊದಲು ಸಾವ್ಕಾರನ ಚಿತ್ರ ತೋರಿಸಿದರು, ಸಭಿಕರು ಮೆಚ್ಚಿ ಗುಸುಗುಸು ಮಾಡಿದರು. ಆಮೇಲೆ ಮೋತಿಯ ಎರಡು ಗೆರೆ ತೋರಿಸಿ, "ನಾಯಿ ಸುಳ್ಳು ಹೇಳಿಲ್ರಿ. ನಾನೇ ಬಸ್ಸಿನಾಗ ಕೂಡಿಸಿ ಸುಳ್ಳು ಕಲಿಸೀನಿ" ಎಂದರು. ಆಮೇಲೆ ಎದ್ದ ನಗೆಯಲ್ಲಿ ಅವರದೇ ದೊಡ್ಡದು. ನಗದೆ ಇದ್ದವರೂ ಇದ್ದರು. ಚಹಾದ ಹೊತ್ತಿಗೆ ದೂರದಿಂದ ಬಂದ ಒಬ್ಬರು ಮೇಡಂ ಬಳಿ ಬಂದು, ತಮ್ಮ ಮಾದರಿಗಳೂ ಊರೂರು ತಿರುಗಿಯೇ ಬರುತ್ತವೆ, ಹೋಗಿ ನೋಡಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮೇಡಂ ಅವರ ತೋಳು ಹಿಡಿದು ಆಗಲೇ ಕಿಟಕಿಯ ಬಳಿಗೆ ಎಳೆದೊಯ್ದಿದ್ದರು, ಗುಲಾಬಿ ಬಣ್ಣ ತೋರಿಸಲು.

ಮತ್ತೆ ಮೊದಲಿನಿಂದ. ಈಗ ಬಸ್ಸು ಹತ್ತುವ ಮೊದಲೇ ತಿಳಿ ಬೇರೆಯಾಗಬೇಕು. ಕಾಲೇಜಿನ ಉಗ್ರಾಣದಲ್ಲಿ ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದು ತುಕ್ಕು ಹಿಡಿದು ಕೂತಿತ್ತು. ಮೇಡಂ ಅದಕ್ಕೆ ಎಣ್ಣೆ ಕುಡಿಸಿ ತಯಾರು ಮಾಡಿದರು. ಆಕಳು ಎಮ್ಮೆಗಳ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಒಯ್ಯುವ ದ್ರವ ಸಾರಜನಕದ ಕ್ಯಾನು ನಮ್ಮ ಪಶುವೈದ್ಯರಲ್ಲಿ ಇದ್ದೇ ಇರುತ್ತದೆ. ಅಂಥದೊಂದನ್ನು ಔರಾದಿನಲ್ಲಿ ಕೇಳಿ ತಂದೆವು, ತೆಗೆದ ತಿಳಿಯನ್ನು ಅಲ್ಲೇ ಹೆಪ್ಪುಗಟ್ಟಿಸಲು. ಈ ಸಲ ಹುಳವಿದ್ದ ನಾಯಿಗಳೂ ಕುಶನೂರದವೇ, ಇಲ್ಲದವೂ ಕುಶನೂರದವೇ. "ಒಂದೇ ಊರು, ಒಂದೇ ಕಟ್ಟಿ, ಒಂದೇ ಕೈ" ಎಂದು ಮೇಡಂ ದಾರಿಯುದ್ದಕ್ಕೂ ಜಪಿಸಿದರು.

ಕುಶನೂರದ ಬೇವಿನ ಕಟ್ಟೆಗೆ ಯಂತ್ರ ಬಿಗಿದಾಗ ಅದರ ಹಿಡಿಕೆ ತಿರುಗಿಸಲು ಮುಂದೆ ಬಂದವರು ಒಬ್ಬ ಮುಪ್ಪಿನ ಕುರಿಗಾರರು. ಮೇಡಂ ಅವರನ್ನು ಕಾಕಾ ಎನ್ನುತ್ತಿದ್ದರು.

"ಅಕ್ಕೋರ, ಇದರಾಗ ಬೆಣ್ಣಿ ಬರ್ತದೇನ್ರಿ?" ಎಂದರು ಕಾಕಾ.

"ಬಂದ್ರ ಮೊದಲ ನಿಮಗೇ ಕೊಡ್ತೇನಿ ಕಾಕಾ, ತಿರುಗಿಸ್ರಿ. ಒಂದೇ ಸಮ. ನಡುವ ನಿಲ್ಲಸಬ್ಯಾಡ್ರಿ."

"ನಾಯಿಗಿ ಜಡ್ಡ ಇಲ್ಲ ಅಂತೀರಿ, ಹುಳ ಅದ ಅಂತೀರಿ. ಔಷಧ ಕೊಡ್ತೀರೋ, ಬರೇ ರಕ್ತ ಒಯ್ತೀರೋ?"

"ಉಣ್ಣಿಗಿ ಔಷಧ ತಂದೀನ್ರಿ. ಹಟ್ಟಿಗೆಲ್ಲ ಹಾಕ್ಯೇ ಹೋಗ್ತೇನಿ. ಜರಾ ಜೋರ್ಲೆ ತಿರುಗಿಸ್ರಿ!"

ಕಾಕಾ ತಿರುಗಿಸಿದರು, ಅವರ ಕೈ ಸೋತಾಗ ನಾನು ತಿರುಗಿಸಿದೆ. ಯಂತ್ರ ನಿಂತಿತು. ಮೇಡಂ ನಳಿಕೆಯನ್ನು ಬಿಸಿಲಿಗೆ ಹಿಡಿದರು. ತಿಳಿ ಒಣ ಹುಲ್ಲಿನ ಬಣ್ಣ. ಗುಲಾಬಿಯ ಸುಳಿವೇ ಇಲ್ಲ. "ಬಂತೋ! ಬಂತೋ ತಮ್ಮಾ!" ಎಂದು ಅವರು ಕೂಗಿದ ದನಿಗೆ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು, ಕುರಿಗಳು ದಿಕ್ಕಾಪಾಲಾಗಿ ಸೋಯಾಬೀನ್ ಹೊಲಕ್ಕೆ ನುಗ್ಗಿದವು. ಕಾಕಾ ಬೈಯುತ್ತ ಓಡಿದರು, ನಾನೂ ಓಡಿದೆ. ಮೇಡಂ ಮಾತ್ರ ನಳಿಕೆ ಹಿಡಿದು ಬಿಸಿಲಲ್ಲಿ ನಿಂತೇ ಇದ್ದರು.

ಎಲ್ಲ ಮಾದರಿಗಳು ಸಿದ್ಧವಾದರೂ ಪರೀಕ್ಷೆಗೆ ಬೇಕಾದ ರಾಸಾಯನಿಕ ಬರುವುದು ತಡವಾಯಿತು. ಅಷ್ಟರಲ್ಲಿ ನಿವೃತ್ತಿಯ ದಿನ ಬಂದೇಬಿಟ್ಟಿತು. ಹಾರ ಹಾಕಿಸಿಕೊಂಡು, ನನ್ನ ಭಾಷಣ ತಪ್ಪಿಸಿ, ಮೋತಿಯನ್ನು ಕಟ್ಟಿಕೊಂಡು ಅವರು ಭಾಲ್ಕಿಗೆ, ತಂಗಿಯ ಮನೆಗೆ ಹೊರಟರು. ತಮ್ಮ ಪ್ರಶ್ನೆಗೆ ಉತ್ತರ ಗೊತ್ತಾಗದೆಯೇ ಹೊರಟರು. ಪಡಸಾಲೆಯಲ್ಲಿ ಆ ದಿನ ಅವರು ನಡೆದುಕೊಂಡು ಹೋದರು. ನನಗೆ ತಡೆಯಲಾರದಷ್ಟು ದುಃಖವಾಯಿತು, ಅದನ್ನು ಇನ್ನು ಮುಚ್ಚಿಟ್ಟು ಪ್ರಯೋಜನವೇನು.

ಹೋದ ವಾರ ರಾಸಾಯನಿಕ ಬಂತು. ನಾನೊಬ್ಬನೇ ಕೂತು ಪರೀಕ್ಷೆ ಮಾಡಿದೆ. ಪರದೆಯ ಮೇಲೆ ಮೊದಲು ಸಾವ್ಕಾರನನ್ನೇ ನೋಡಿದೆ. ಹುಳವಿದ್ದ ನಾಯಿ, ಇಲ್ಲದ ನಾಯಿ, ಎಲ್ಲದರಲ್ಲೂ ಒಂದೇ ಮಟ್ಟ. ಅವನ ಕತೆ ಮುಗಿದಿತ್ತು. ಪಟ್ಟಿಯಲ್ಲಿ ಕೆಳಗೆ ಇಳಿದೆ, ಇನ್ನೂ ಕೆಳಗೆ. ಅಲ್ಲಿ ಒಂದು ಮೈಕ್ರೋಆರ್‌ಎನ್‌ಎ, ಹಿಂದಿನ ಸಲ ಸಾವ್ಕಾರನ ಗದ್ದಲದಲ್ಲಿ ಕಾಣದೇ ಹೋದದ್ದು, ನಾವು ಹೆಸರನ್ನೂ ಇಡದಿದ್ದದ್ದು, ಹುಳವನ್ನು ಹೊತ್ತೂ ಗಟ್ಟಿಯಾಗಿದ್ದ ನಾಯಿಗಳಲ್ಲಿ ಸ್ವಲ್ಪವೇ ಎತ್ತರಕ್ಕೆ ನಿಂತಿತ್ತು. ಸ್ವಲ್ಪವೇ, ಆದರೆ ಪ್ರತಿ ನಾಯಿಯಲ್ಲೂ. ತಿಳಿಯ ಬಣ್ಣ ನೋಡಿದೆ, ಎಲ್ಲ ಹುಲ್ಲಿನ ಬಣ್ಣವೇ. ಫೋನು ಹಚ್ಚಿದೆ. ಮೇಡಂ ಭಾಲ್ಕಿಯ ಸಂತೆಯಲ್ಲಿದ್ದರು, ಸುತ್ತ ಕಾಯಿಪಲ್ಲೆಯವರ ಕೂಗು.

"ಮೇಡಂ, ಸಾವ್ಕಾರ ಬಿದ್ದಾನ್ರಿ."

"ಬೀಳಲಿ. ಮುಂದ?"

"ಇನ್ನೊಂದು ಅದರಿ. ಸಣ್ಣದು. ಬಸ್ಸಿಂದಲ್ರಿ ಮೇಡಂ, ನಾಯಿದೇ ಅದ."

ಅವರು ಕೂಗಿದ್ದು ಎಂಥದೆಂದರೆ, ಕಾಯಿಪಲ್ಲೆಯವರ ಗಲಾಟೆ ಥಟ್ಟನೆ ನಿಂತದ್ದು ನನಗೆ ಬೀದರದಲ್ಲಿ ಕೇಳಿಸಿತು. ಯಾರೋ ಹೆಂಗಸು "ಏನಾಯ್ತ್ರೀ ಅಕ್ಕೋರ?" ಎಂದು ಗಾಬರಿಯಿಂದ ಕೇಳಿದಳು. ಮೇಡಂ ನಗುತ್ತಿದ್ದರು, ಅಳುತ್ತಲೂ ಇದ್ದರು ಅನಿಸುತ್ತದೆ. ಆಮೇಲೆ ದನಿ ತಗ್ಗಿತು.

"ಯಾರಿಗೂ ಹೇಳಬ್ಯಾಡ. ಹುಳ ಇದ್ದು ಜಡ್ಡಾಗಿ ಬಿದ್ದ ನಾಯ್ಯಾಗೂ ಇದು ಇಷ್ಟೇ ಏರಿದ್ರ ನಮ್ಮ ಮಾತು ಬಿತ್ತು, ಹೌದಿಲ್ಲೋ? ಅಂಥ ನಾಯಿ ಕುಶನೂರದಾಗೇ ಹುಡುಕಬೇಕು. ಯಂತ್ರಕ್ಕ ಎಣ್ಣಿ ಹಾಕಿಡು, ನಾನು ಈಗಿಂದೀಗ ಬರ್ಲತ್ತೀನಿ. ಬಾ, ಇದನ್ನ ಹ್ಯಾಂಗ ಕೆಡವಬೇಕು ನೋಡೂಣು."